ಕೊಟ್ರಪ್ಪನ ಗಿರಣಿ ಜಂಕ್ಷನ್

ಹಿಟ್ಟಿನ ಗಿರಣಿಯಲ್ಲಿ ಯಾರ ಜೋಳದ ಪುಟ್ಟಿ ಮೊದಲು ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ. ಇದನ್ನು ಹಗುರವಾಗಿ ನೋಡುವವರು ರಾಜ್ಯಶಾಸ್ತ್ರ ಓದಿದವರೂ ಅಲ್ಲ, ಹಸಿದ ಹೊಟ್ಟೆಯಲ್ಲಿ ಸರದಿ ಕಾದವರೂ ಅಲ್ಲ. ಇಂಗ್ಲಿಷರು ಹೋದರು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ಕೈಬಿಟ್ಟಿತು, ಲಕ್ಷ್ಮೇಶ್ವರ ಮಿರಜದ ಕೈಬಿಟ್ಟಿತು. ಈಗ ಎಲ್ಲರೂ ಸೇರಿ ಮುಂಬಯಿಯ ಕೈಬಿಟ್ಟು ಮೈಸೂರಿನ ಕೈ ಹಿಡಿಯುವ ದಿನವೂ ಹತ್ತಿರ ಬಂದಿತ್ತು. ಇಷ್ಟೆಲ್ಲ ರಾಜ್ಯಗಳು ಅಲುಗಾಡಿದರೂ ಮುಂಡರಗಿಯ ಕೊಟ್ರಪ್ಪನ ಗಿರಣಿಯ ಮುಂದಿನ ಪುಟ್ಟಿಗಳ ಸಾಲು ಮಾತ್ರ ಒಂದು ಗೇಣೂ ಅಲುಗಿರಲಿಲ್ಲ.

ಆ ಸಾಲಿಗೆ ಯಾರೂ ಕಾಯ್ದೆ ಮಾಡಿರಲಿಲ್ಲ. ಅದಕ್ಕೇ ಎಲ್ಲರೂ ಪಾಲಿಸುತ್ತಿದ್ದರು. ಹೆಣ್ಣುಮಕ್ಕಳು ಜೋಳದ ಪುಟ್ಟಿಯನ್ನು ಸಾಲಿನ ಕೊನೆಗೆ ಇಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಪುಟ್ಟಿ ತಾನೇ ಮುಂದೆ ಮುಂದೆ ಸರಿಯುತ್ತಿತ್ತು. ಒಡತಿ ಹಡೆಯಲು ಹೋಗಿದ್ದರೂ ಪುಟ್ಟಿಯ ಸರದಿ ತಪ್ಪುತ್ತಿರಲಿಲ್ಲ. ಮೆಣಸಿನಕಾಯಿಗೆ ಶನಿವಾರದ ಸಂಜೆ ಮೀಸಲು. ಖಾರ ಬೀಸಿದ ಮೇಲೆ ಕೊಟ್ರಪ್ಪ ತನ್ನ ಮನೆಯ ಒಂದು ಪುಟ್ಟಿ ಹೊಟ್ಟನ್ನು ಗಿರಣಿಗೆ ಹಾಕಿ ಬೀಸಿಸುತ್ತಿದ್ದ. ಕಲ್ಲಿನಲ್ಲಿ ಉಳಿದ ಖಾರವನ್ನೆಲ್ಲ ಹೊಟ್ಟು ಒರೆಸಿಕೊಂಡು ಬರುತ್ತಿತ್ತು. ಇದಕ್ಕೆ ಊರಲ್ಲಿ ಕಲ್ಲಿನ ಜಳಕ ಎಂದು ಹೆಸರು. ಆ ಹೊಟ್ಟನ್ನು ಎಮ್ಮೆಯೂ ಮೂಸುತ್ತಿರಲಿಲ್ಲ; ಅದು ನೇರ ತಿಪ್ಪೆಗೆ ಹೋಗುತ್ತಿತ್ತು.

ಇಷ್ಟು ಸುಖವಾಗಿದ್ದ ಗಿರಣಿಗೆ ಕೇಡು ಬಂದದ್ದು ಹೆಂಡತಿಯ ತವರಿನಿಂದ. ಸಾಧಾರಣವಾಗಿ ಎಲ್ಲ ಗಂಡಸರೂ ಹೀಗೇ ಹೇಳುತ್ತಾರೆ. ಕೊಟ್ರಪ್ಪನ ವಿಷಯದಲ್ಲಿ ಅದು ಖರೆಯೂ ಆಗಿತ್ತು. ಹೆಂಡತಿ ಸಿದ್ದಲಿಂಗವ್ವನ ತಮ್ಮ ನಿಜಲಿಂಗಪ್ಪ ಬಸ್ ನಿಲ್ದಾಣದ ಹತ್ತಿರ ಹೊಸ ಗಿರಣಿ ಕೂಡಿಸಿದ್ದ. ಇಂಜಿನ್ನಿಗೆ ಬೇಕಾದ ಎಣ್ಣೆ ಸಿಗುತ್ತಿದ್ದುದು ಪರ್ಮಿಟ್ಟಿನ ಮೇಲೆ. ಊರಿಗೆ ಒಂದೇ ಪರ್ಮಿಟ್ಟು, ಅದು ಇಷ್ಟು ದಿನ ಕೊಟ್ರಪ್ಪನದು. ನಿಜಲಿಂಗಪ್ಪ ಗದಗಿನಿಂದ ಅಲ್ಲಿಷ್ಟು ಇಲ್ಲಿಷ್ಟು ಡಬ್ಬಿಯಲ್ಲಿ ಎಣ್ಣೆ ತಂದು ದಿನಕ್ಕೆ ಒಂದಿಷ್ಟು ಹೊತ್ತು ಗಿರಣಿ ನಡೆಸುತ್ತಿದ್ದ. ಹೊಸ ರಾಜ್ಯ ಬಂದ ಮೇಲೆ ಪರ್ಮಿಟ್ಟು ಹೊಸದಾಗಿ ಕೊಡುವುದಿತ್ತು. ಯಾರ ಗಿರಣಿಯಲ್ಲಿ ಶಿಸ್ತು ಕಾಣುತ್ತದೋ ಅವರಿಗೆ ಎಂದು ಮಹಾಲಕರಿ ಸಾಹೇಬರು ಅಂದಿದ್ದರು. ಮುಂಡರಗಿ ಮಹಾಲೆಂಬ ಸಣ್ಣ ತಾಲೂಕಿಗೆ ಅವರೇ ಸರಕಾರ. ಪರ್ಮಿಟ್ಟು ಕೈತಪ್ಪಿದರೆ ಹೆಂಡತಿಯ ತಮ್ಮನ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸವೇ ಗತಿ ಎಂದು ಕೊಟ್ರಪ್ಪನಿಗೆ ಗೊತ್ತಿತ್ತು. ಆ ಕೆಲಸ ಕೊಡುವ ಔದಾರ್ಯ ತಮ್ಮನಿಗೆ ಇದೆಯೆಂದು ಸಿದ್ದಲಿಂಗವ್ವ ಊಟಕ್ಕೆ ಕೂತಾಗಲೆಲ್ಲ ನೆನಪು ಮಾಡುತ್ತಿದ್ದುದು ಅವನ ಹೊಟ್ಟೆಗೆ ಒಗ್ಗುತ್ತಿರಲಿಲ್ಲ.

ಹೀಗಿರುವಾಗ ಇಂಜಿನ್ನಿನ ಪಟ್ಟಾ ಹರಿದು, ಹೊಸದನ್ನು ತರಲು ಕೊಟ್ರಪ್ಪ ಗದಗಿಗೆ ಹೋದ. ಮರಳುವ ಬಸ್ಸು ತಪ್ಪಿಸಿಕೊಂಡ. ಹೊತ್ತು ಕಳೆಯಲು ರೇಲ್ವೆ ಸ್ಟೇಶನ್ನಿಗೆ ಹೋಗಿ ಚಹಾ ಕುಡಿಯುತ್ತ ಕುಳಿತ. ಜ್ಞಾನೋದಯವಾಗಲು ಕೆಲವರಿಗೆ ಅರಳಿಮರ ಬೇಕು. ಕೊಟ್ರಪ್ಪನಿಗೆ ಪ್ಲಾಟ್‌ಫಾರ್ಮಿನ ಬೆಂಚು ಸಾಕಾಯಿತು. ಅವನ ಕಣ್ಣೆದುರೇ ಒಂದು ಪ್ಯಾಸೆಂಜರ್ ಗಾಡಿಯನ್ನು ಪಕ್ಕದ ಹಳಿಗೆ ದೂಡಿ ನಿಲ್ಲಿಸಿದರು. ಒಳಗಿದ್ದ ಜನ ಕಿಟಕಿಯಿಂದ ಕುತ್ತಿಗೆ ಚಾಚಿ ಬೈದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಮೇಲ್ ಗಾಡಿ ಬಂದು ಯಾರ ಮುಖವನ್ನೂ ನೋಡದೆ ಹೋಯಿತು. ಪ್ಯಾಸೆಂಜರಿನ ಹಿಂದೆ ಒಂದು ಗೂಡ್ಸ್ ಗಾಡಿ, ಹುಟ್ಟಿದಾಗಿನಿಂದ ಅಲ್ಲೇ ನಿಂತಿದೆಯೋ ಎಂಬಂತೆ ನಿಂತಿತ್ತು. ಕೊಟ್ರಪ್ಪ ಒಬ್ಬ ಹಮಾಲನನ್ನು ಕರೆದು ಇದೇನು ಅನ್ಯಾಯ ಎಂದು ಕೇಳಿದ.

“ದೊಡ್ಡದು ಬಂದ್ರ ಸಣ್ಣದು ಸರೀಬೇಕ್ರಿ. ಅದ ಕಾಯ್ದೆ,” ಎಂದು ಹಮಾಲ ಬೀಡಿ ಹಚ್ಚಿಕೊಂಡ.

ಜಂಕ್ಷನ್ ನಡೆಸುವ ವಿದ್ಯೆಯೆಲ್ಲ ಇಷ್ಟೇ ಎಂದು ಕೊಟ್ರಪ್ಪ ತಿಳಿದ. ಸಿಗ್ನಲ್ಲು ಎಳೆಯುವವರು, ಹಳಿ ಬದಲಿಸುವವರು, ಪಕ್ಕಕ್ಕೆ ನಿಂತ ಗಾಡಿ ಮತ್ತೆ ಹೊರಡುವಂತೆ ನೋಡಿಕೊಳ್ಳುವವರು ಇವರಾರೂ ಬೆಂಚಿನಿಂದ ಕಾಣುತ್ತಿರಲಿಲ್ಲ. ಕಾಣದ್ದು ಇಲ್ಲ ಎಂದು ತಿಳಿಯುವುದು ಕೊಟ್ರಪ್ಪನೊಬ್ಬನ ದೋಷವಲ್ಲ. ಆ ವರ್ಷ ಬಹಳ ದೊಡ್ಡವರೂ ರಾಜ್ಯವನ್ನು ಹಾಗೇ ತಿಳಿದು ಕಟ್ಟುತ್ತಿದ್ದರು.

ಊರಿಗೆ ಬಂದವನೇ ಸಿದ್ದಲಿಂಗವ್ವನ ಇಳಕಲ್ ಸೀರೆಯ ಸೆರಗು ಹರಿದು ಕೆಂಪು ಬಾವುಟ ಮಾಡಿದ. ಹಬ್ಬಕ್ಕೆಂದು ತೆಗೆದಿಟ್ಟ ಹಸಿರು ಖಣದಿಂದ ಹಸಿರು ಬಾವುಟ ಮಾಡಿದ. ಗಿರಣಿಯ ಬಾಗಿಲಿಗೆ ಗಂಟೆ ತೂಗುಹಾಕಿದ. ಇಂಜಿನ್ನು ನಡೆಸುವ ದಸ್ತಗೀರಸಾಬನನ್ನು ಮುಂದೆ ಕೂಡಿಸಿಕೊಂಡು ಹೊಸ ಕಾಯ್ದೆ ವಿವರಿಸಿದ. ಮದುವೆಯ ಹಿಟ್ಟು, ಸತ್ತವರ ಮನೆಯ ಹಿಟ್ಟು, ಬಾಣಂತಿಯ ಹಿಟ್ಟು, ಸರಕಾರದ ಹಿಟ್ಟು ಮೇಲ್. ದಿನದ ರೊಟ್ಟಿಯ ಜೋಳ ಪ್ಯಾಸೆಂಜರ್. ದನದ ನುಚ್ಚು, ಹೊಟ್ಟು ಗೂಡ್ಸ್. ಮೇಲ್ ಬಂದವರು ಗಂಟೆ ಹೊಡೆಯಬೇಕು. ಗಂಟೆ ಹೊಡೆದೊಡನೆ ಕೆಂಪು ಬಾವುಟ. ಗಿರಣಿಯ ಬಾಯಲ್ಲಿ ಏನೇ ಇರಲಿ, ಅದನ್ನು ತೋಡಿ ತೆಗೆದು ಮೂಲೆಗೆ ಇಟ್ಟು ಮೇಲಿಗೆ ದಾರಿ ಬಿಡಬೇಕು. ಮೂಲೆಯ ಹೆಸರು ಸೈಡಿಂಗ್. ಲೈನು ಖಾಲಿಯಾದ ಮೇಲೆ ಸೈಡಿಂಗಿನದು ಮತ್ತೆ ಹೊರಡಬೇಕು.

ದಸ್ತಗೀರಸಾಬ ಕೈಯ ಎಣ್ಣೆ ಒರೆಸಿಕೊಳ್ಳುತ್ತ, ಮೆಣಸಿನಕಾಯಿ ಯಾವ ಗಾಡಿ ಎಂದು ಕೇಳಿದ. ಅದು ತಂದವರ ಮೇಲೆ ಐತಿ ಎಂದ ಕೊಟ್ರಪ್ಪ.

“ಮತ್ತ ಕಲ್ಲಿನ ಜಳಕ?”

“ಹೊಟ್ಟಲ್ಲೇನೋ ಅದು? ಗೂಡ್ಸ್. ಲೈನ್ ಖಾಲಿ ಇದ್ದಾಗ.”

“ಲೈನ್ ಖಾಲಿ ಆಗದಿದ್ರ?”

“ನೀ ಇಂಜಿನ್ ನೋಡ್ಕೊ. ಟೈಮ್ ಟೇಬಲ್ ನಾ ನೋಡ್ಕೋತೀನಿ.”

ದಸ್ತಗೀರಸಾಬ ಇಂಜಿನ್ನು ನೋಡಿಕೊಂಡ. ಅವನ ಜವಾಬ್ದಾರಿ ಅಲ್ಲಿಗೆ ಮುಗಿಯಿತೆಂದು ಅವನೂ ಒಪ್ಪಿಕೊಂಡ.

ಮೊದಲ ದಿನ ಎಲ್ಲ ಸುಸೂತ್ರ. ಪೇಟೆಯ ಮುದುಕನೊಬ್ಬ ತೀರಿಕೊಂಡಿದ್ದ. ಅವನ ಮನೆಯವರು ಬಂದು ಗಂಟೆ ಹೊಡೆದರು. ಕೊಟ್ರಪ್ಪ ಬಾವುಟ ಬೀಸಿದ, ಗಿರಣಿ ಹಿಟ್ಟು ಬೀಸಿತು, ಅವರು ಕಣ್ಣೊರೆಸಿಕೊಳ್ಳುತ್ತ ಹೋದರು. ಸತ್ತವನಿಗೂ ಇಷ್ಟು ಜಲ್ದಿ ಯಾರೂ ದಾರಿ ಬಿಟ್ಟಿರಲಿಕ್ಕಿಲ್ಲ ಎಂದು ಕೊಟ್ರಪ್ಪ ಹೆಮ್ಮೆಪಟ್ಟ.

ಎರಡನೆಯ ದಿನದಿಂದ ಮುಂಡರಗಿಯಲ್ಲಿ ಎಂದೂ ಇಲ್ಲದಷ್ಟು ಮದುವೆಗಳು ನಡೆಯತೊಡಗಿದವು. ಲಗ್ನದ ತಿಥಿಯೇ ಇಲ್ಲದ ಕಾಲ. ಆದರೂ ಎಲ್ಲ ಓಣಿಗಳಲ್ಲಿ ಯಾರೋ ಒಬ್ಬರ ನಾದಿನಿಗೆ ಗಂಡು ಗೊತ್ತಾಗಿತ್ತು. ಮದುವೆಗಳು ತೀರಿದ ಮೇಲೆ ಸಾವುಗಳು ಬಂದವು. ಊರ ಅಗಸಿ ಬಾಗಿಲ ಬಳಿಯ ದೇವವ್ವ ಗಂಟೆ ಹೊಡೆದು, ಅತ್ತಿ ತೀರಿಕೊಂಡಳು ಎಂದು ಸೆರಗು ಬಾಯಿಗೆ ಹಚ್ಚಿ ಹಿಟ್ಟು ಬೀಸಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಆ ಅತ್ತೆಯೇ ಇನ್ನೊಂದು ಪುಟ್ಟಿ ಹೊತ್ತು ಬಂದು, ಸೊಸೆ ಸತ್ತಳೆಂದು ಗಂಟೆ ಹೊಡೆದಳು. ಕೊಟ್ರಪ್ಪ ಇಬ್ಬರಿಗೂ ದುಃಖ ಸೂಚಿಸಿ ದಾರಿ ಬಿಟ್ಟ. ಕಾಯ್ದೆಯಲ್ಲಿ ಹೆಣ ತೋರಿಸಬೇಕೆಂದು ಬರೆದಿರಲಿಲ್ಲ.

ಗಂಟೆ ಬಡಿದಾಗಲೆಲ್ಲ ಗಿರಣಿಯ ಬಾಯಿಂದ ಅರೆಬೀಸಿದ ಜೋಳ ತೋಡುವುದು, ಮತ್ತೆ ಸುರಿಯುವುದು, ಮತ್ತೆ ತೋಡುವುದು. ಇಂಜಿನ್ನು ಕುಕ್ ಕುಕ್ ಎನ್ನುತ್ತ ದಿನವಿಡೀ ಎಣ್ಣೆ ಕುಡಿಯಿತು. ಗಿರಣಿ ಬೀಸಿದ್ದಕ್ಕಿಂತ ತೋಡಿದ್ದೇ ಹೆಚ್ಚು. ಸೈಡಿಂಗಿನ ಮೂಲೆಯಲ್ಲಿ ಯಾರ ನುಚ್ಚು ಯಾರ ಹಿಟ್ಟು ಎಂಬುದು ದೇವರಿಗೂ ತಿಳಿಯದಂತಾಯಿತು. ಅಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ಪುಟ್ಟಿ ಇತ್ತು. ಅದರ ಪಕ್ಕದಲ್ಲಿ ಹಮ್ಮಿಗಿಯ ಹನಮವ್ವ ಕೂತಿದ್ದಳು. ಈ ಮುದುಕಿ ಮಗಳ ಮನೆಗೆಂದು ಬಂದವಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪುಟ್ಟಿ ಇಟ್ಟವಳು. ಅವಳ ಮನೆಯಲ್ಲಿ ಮದುವೆಯಾಗುವವರೂ ಇರಲಿಲ್ಲ, ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ. ಹಾಗಾಗಿ ಎಲ್ಲರೂ ಅವಳನ್ನು ದಾಟಿ ಹೋದರು.

“ಯಪ್ಪಾ, ನನ್ನ ಜ್ವಾಳಾನೂ ಒಂದ್ ಸಲ ಮೇಲ್ ಮಾಡು,” ಎಂದಳು ಅವಳು.

“ಯಾರಾರ ಸತ್ತಾರೇನಬೇ ಮನ್ಯಾಗ?”

“ಇನ್ನೂ ಯಾರೂ ಇಲ್ಲ. ಹಿಂಗ ಕುಂತ್ರ ನಾನ ಸಾಯ್ತೀನಿ. ಆವಾಗ ನೀನ ಗಂಟಿ ಹೊಡಿ.”

ಸಾಲಿನ ಹೆಂಗಸರು ನಕ್ಕರು. ಕೊಟ್ರಪ್ಪನಿಗೆ ಸಿಟ್ಟು ಬಂತು. ಪಕ್ಕಕ್ಕೆ ನಿಂತ ಗಾಡಿ ಬೈದರೆ ಮೇಲ್ ಗಾಡಿ ಉತ್ತರ ಕೊಡುವುದಿಲ್ಲ ಎಂದು ಹೇಳಿ ಬಾವುಟ ಎತ್ತಿಕೊಂಡ.

ಕೊಟ್ರಪ್ಪನ ಸ್ವಂತ ಮನೆಯ ಜೋಳವೂ ಪ್ಯಾಸೆಂಜರೇ. ತನ್ನ ಮನೆಗೆ ತಾನೇ ಕಾಯ್ದೆ ಮುರಿದರೆ ಹೇಗೆ ಎಂದು ಅವನು ಅದನ್ನೂ ಸೈಡಿಂಗಿನಲ್ಲಿ ಇಡಿಸಿದ್ದ. ಮನೆಯಲ್ಲಿ ಮೂರು ಹೊತ್ತೂ ಮಂಡಕ್ಕಿ. ಆಮೇಲೆ ಒಂದು ದಿನ ತಟ್ಟೆಗೆ ಬಿಸಿ ರೊಟ್ಟಿ ಬಂತು. ಮೆತ್ತಗೆ, ನುಣ್ಣಗೆ. ಕೊಟ್ರಪ್ಪ ತನ್ನ ಟೇಬಲ್ಲು ಕೊನೆಗೂ ಹಾದಿಗೆ ಬಂತೆಂದು ಹಿಗ್ಗಿ, ನೋಡು, ಕಾದ್ರ ಎಂಥಾ ಹಿಟ್ಟು ಬರ್ತೈತಿ ಎಂದ. ಸಿದ್ದಲಿಂಗವ್ವ ಇನ್ನೊಂದು ರೊಟ್ಟಿ ಬಡಿಯುತ್ತ ಹೇಳಿದಳು: “ಕಾದಿಲ್ಲ. ನಿಜಲಿಂಗನ ಗಿರಣಿಗೆ ಹಿತ್ತಲ ಬಾಗಿಲದಿಂದ ಕಳಿಸಿದ್ದೆ. ಉಣ್ರಿ ಸುಮ್ಮನ.”

ಕೊಟ್ರಪ್ಪ ಉಂಡ. ಸ್ವಾಭಿಮಾನಕ್ಕೆ ಪಲ್ಯ ನೆಂಜಿಕೊಂಡು ಉಂಡ.

ಈ ವ್ಯವಸ್ಥೆ ಇನ್ನೊಂದು ವಾರದಲ್ಲಿ ತಾನೇ ಸಾಯುತ್ತಿತ್ತು. ಅಷ್ಟರಲ್ಲಿ ಮಹಾಲಕರಿ ಸಾಹೇಬರು ಗಿರಣಿ ನೋಡಲು ಬಂದರು. ದೊಡ್ಡವರು ನೋಡಲು ಬಂದರೆ ಸಾಯುವ ವ್ಯವಸ್ಥೆಗೂ ಜೀವ ಬರುತ್ತದೆ. ಗಂಟೆ ಬಡಿಯಿತು, ಕೆಂಪು ಬಾವುಟ ಏರಿತು, ಹೆಂಗಸರು ಹಿಂದೆ ಸರಿದರು, ಕೊಟ್ರಪ್ಪ ಎದೆ ಸೆಟೆಸಿ ನಿಂತ. ಹಿಟ್ಟು ಬಂತೋ ಇಲ್ಲವೋ ಎಂದು ಸಾಹೇಬರು ನೋಡಲಿಲ್ಲ. ಬಾವುಟ ನೋಡಿದರು. ಶಿಸ್ತು ಎಂದರೆ ಇದು ಎಂದರು. ಏಕೀಕರಣದ ದಿನ ಮಧ್ಯಾಹ್ನ ಊರಿಗೆಲ್ಲ ಗೋಧಿ, ಬೆಲ್ಲದ ಸಿಹಿ ಹುಗ್ಗಿಯ ಊಟ. ಬೆಂಗಳೂರಿನ ಕಡೆಯಿಂದ ಒಬ್ಬ ದೊಡ್ಡ ಅಧಿಕಾರಿ, ಕೊಪ್ಪಳದ ಕಡೆಯಿಂದ ಒಬ್ಬರು ಬರುವವರಿದ್ದರು. ಅಷ್ಟು ಗೋಧಿಯನ್ನು ಕುಟ್ಟಿಸಲು ಹೊತ್ತಿಲ್ಲ, ಗಿರಣಿಯಲ್ಲೇ ಒಡೆಸಬೇಕು. ಈ ಗಿರಣಿಯಲ್ಲೇ ಒಡೆಸೋಣ ಎಂದು ಅಪ್ಪಣೆಯಾಯಿತು.

“ಹುಗ್ಗಿ ಪಾಸಾದ್ರ ಪರ್ಮಿಟ್ಟೂ ಪಾಸು, ಕೊಟ್ರಪ್ಪ. ಇಲ್ಲಂದ್ರ ನಿಮ್ಮ ಅಳಿಯಾ ಅದಾನ,” ಎಂದು ಸಾಹೇಬರು ಜೀಪು ಹತ್ತಿದರು. ಹೆಂಡತಿಯ ತಮ್ಮನನ್ನು ಅಳಿಯ ಎಂದದ್ದನ್ನು ತಿದ್ದುವ ಧೈರ್ಯ ಯಾರಿಗೂ ಆಗಲಿಲ್ಲ. ಸರಕಾರ ಅಂದ ಮೇಲೆ ಸಂಬಂಧ ಬದಲಾಗಿರಲೂಬಹುದು.

ಹುಗ್ಗಿಯ ಗೋಧಿಗಾಗಿ ಕೊಟ್ರಪ್ಪ ಮೇಲಿಗಿಂತ ಮೇಲಿನ ಒಂದು ಗಾಡಿ ಸೃಷ್ಟಿಸಿದ. ಅದಕ್ಕೆ ಸ್ಪೆಷಲ್ ಎಂದು ಹೆಸರು. ಹಿಂದಿನ ದಿನ ಬೆಳಿಗ್ಗೆ ಗೋಧಿಯ ಚೀಲಗಳು ಬಂದವು. ನುಚ್ಚು ಬೀಳಲಿ ಎಂದು ದಸ್ತಗೀರಸಾಬ ಕಲ್ಲು ಸಡಿಲು ಮಾಡಿದ. ಊರಿನ ಉಳಿದ ಪುಟ್ಟಿಗಳೆಲ್ಲ ಸೈಡಿಂಗ್ ಸೇರಿದವು. ಮೊದಲ ಚೀಲ ಗಿರಣಿಯ ಬಾಯಿಗೆ ಬಿದ್ದು ಅರ್ಧ ಇಳಿದಿರಬಹುದು, ಗಂಟೆ ಬಡಿಯಿತು.

ಬಂದವಳು ಗದಿಗೆವ್ವ, ಊರಿನ ದೊಡ್ಡ ಹತ್ತಿ ವ್ಯಾಪಾರಿಯ ಹೆಂಡತಿ. ಆಳಿನ ತಲೆಯ ಮೇಲೆ ಮೆಣಸಿನಕಾಯಿಯ ಮೂಟೆ. ನಾಳಿನ ಊಟದ ಬದನೆಕಾಯಿ ಪಲ್ಯದ ಖಾರ ತಮ್ಮ ಮನೆಯದೆಂದೂ, ಅದೂ ಸರಕಾರದ ಊಟವೇ ಎಂದೂ, ಆದ್ದರಿಂದ ತನ್ನದೂ ಸ್ಪೆಷಲ್ ಎಂದೂ ಅವಳು ಹೇಳಿದಳು. ಕೊಟ್ರಪ್ಪನಿಗೆ ದಿಗಿಲಾಯಿತು. ಒಂದೇ ಹಳಿಯ ಮೇಲೆ ಎರಡು ಸ್ಪೆಷಲ್. ಗದಗಿನಲ್ಲಿ ಇದನ್ನು ಅವನು ನೋಡಿರಲಿಲ್ಲ. ಬಸ್ಸಿನ ಹೊತ್ತಾಗಿ ಎದ್ದುಬಂದಿದ್ದ. ಖಾರ ಸಂಜೆಗೆ ಬೀಸಿದರಾಗದೇ ಎಂದು ಮೆಲ್ಲಗೆ ಕೇಳಿದ.

“ಸಂಜಿಗೆ ಬೀಸು. ನಾ ಹೋಗಿ ಸಾಹೇಬ್ರಿಗೆ ಹೇಳ್ತೀನಿ, ಪಲ್ಯ ಸಪ್ಪನ ಉಣ್ರಿ, ಕೊಟ್ರಪ್ಪ ಒಲ್ಲೆ ಅಂದ ಅಂತ.”

ಕಾಯ್ದೆ ಏನು ಹೇಳುತ್ತದೆ ಎಂದು ಕೊಟ್ರಪ್ಪ ನೆನೆದ. ಗಂಟೆ ಹೊಡೆದರೆ ಬಾಯಲ್ಲಿದ್ದದ್ದು ಸರಿಯಬೇಕು. ಬಾಯಲ್ಲಿದ್ದದ್ದು ಗೋಧಿ. ಕೆಂಪು ಬಾವುಟ ಏರಿತು, ಗೋಧಿ ಮೂಲೆಗೆ ಹೋಯಿತು, ಮೆಣಸಿನಕಾಯಿ ಕಲ್ಲಿಗೆ ಬಿತ್ತು. ಗಿರಣಿಯಲ್ಲಿದ್ದವರೆಲ್ಲ ಸೀನಿದರು, ಕೆಮ್ಮಿದರು, ಗದಿಗೆವ್ವ ಮಾತ್ರ ಸೆರಗು ಮೂಗಿಗೆ ಹಿಡಿದು ಕೊನೆಯ ಚಿಟಿಕೆಯವರೆಗೂ ನಿಂತು ನೋಡಿದಳು.

ಅವಳು ಹೋದ ಮೇಲೆ ದಸ್ತಗೀರಸಾಬ ಹೊಟ್ಟಿನ ಪುಟ್ಟಿ ಎತ್ತಿಕೊಂಡ. ಕೊಟ್ರಪ್ಪ ಅಡ್ಡ ಬಂದ. ಹೊಟ್ಟು ಯಾವ ಗಾಡಿ? ಗೂಡ್ಸ್. ಕಾದು ನಿಂತಿರುವುದು? ಸ್ಪೆಷಲ್. ಸರಕಾರದ ಗೋಧಿ ಬಾಗಿಲಲ್ಲಿ ನಿಂತಿರುವಾಗ ತಿಪ್ಪೆಗೆ ಹೋಗುವ ಹೊಟ್ಟು ಮುಂದೆ ಹೋಗುವುದು ಯಾವ ರಾಜ್ಯದ ಕಾಯ್ದೆ?

“ಧಣ್ಯಾರ, ಕಲ್ಲಿಗೆ ಜಳಕ ಆಗ್ಲಿಲ್ಲಂದ್ರ ಹುಗ್ಗಿ ಏನಾದೀತು ನೋಡ್ರಿ.”

“ಜಳಕ ಸಂಜಿಗೆ. ಮೊದಲ ಸ್ಪೆಷಲ್ ಹೋಗ್ಲಿ.”

ಸ್ಪೆಷಲ್ ಹೋಯಿತು. ಅರ್ಧ ಹಾದಿಯಲ್ಲಿ ಗದಿಗೆವ್ವನ ಆಳು ಮತ್ತೆ ಬಂದು ಗಂಟೆ ಹೊಡೆದ. ಮನೆಯಲ್ಲಿ ಇನ್ನೊಂದು ಚೀಲ ಮೆಣಸಿನಕಾಯಿ ಉಳಿದಿತ್ತಂತೆ. ಮತ್ತೆ ಬಾವುಟ, ಮತ್ತೆ ಸೀನು, ಮತ್ತೆ ಗೋಧಿ. ನುಚ್ಚು ನಸುಗೆಂಪಾಗಿ ಬಿತ್ತು. ದಸ್ತಗೀರಸಾಬ ಅದನ್ನೊಮ್ಮೆ ನೋಡಿ, ಕೊಟ್ರಪ್ಪನನ್ನೊಮ್ಮೆ ನೋಡಿ, ಇಂಜಿನ್ನಿನ ಕಡೆ ತಿರುಗಿದ. ಕೊಟ್ರಪ್ಪ ಒಂದು ಹಿಡಿ ನುಚ್ಚನ್ನು ಬೆಳಕಿಗೆ ಹಿಡಿದು, ಇದು ಕೆಂಪು ಗೋಧಿಯ ಜಾತಿ ಎಂದು ತೀರ್ಮಾನಿಸಿದ. ಸಂಜೆ ಲೈನು ಖಾಲಿಯಾಗಲಿಲ್ಲ. ಕಲ್ಲಿನ ಜಳಕವೂ ಆಗಲಿಲ್ಲ.

ಮರುದಿನ ಬಾವುಟ ಏರಿತು, ಅದು ಖರೇ ಬಾವುಟ. ಮಕ್ಕಳು ಹಾಡಿದರು. ಭಾಷಣಕ್ಕೆ ಮೊದಲು ಊಟ. ಚಪ್ಪರದ ಕೆಳಗೆ ಮೊದಲ ಪಂಕ್ತಿಯಲ್ಲಿ ಅತಿಥಿಗಳು, ಅವರ ಸಾಲಿನ ತುದಿಯಲ್ಲಿ ಮಹಾಲಕರಿ ಸಾಹೇಬರ ಕೃಪೆಯಿಂದ ಕೊಟ್ರಪ್ಪ. ಅವನ ಹಿಂದೆ ಕಂಬಕ್ಕೆ ಒರಗಿ ನಿಜಲಿಂಗಪ್ಪ. ಎಲೆಗೆ ಹುಗ್ಗಿ ಬಿತ್ತು. ಬೆಲ್ಲದ ಕೆಂಪಿನಲ್ಲಿ ನುಚ್ಚಿನ ಕೆಂಪು ಅಡಗಿತ್ತು, ಮೇಲೆ ತುಪ್ಪ ಹೊಳೆಯುತ್ತಿತ್ತು.

ಬೆಂಗಳೂರಿನ ಅಧಿಕಾರಿಗಳು ಮೊದಲ ತುತ್ತು ಬಾಯಿಗಿಟ್ಟರು. ಅವರ ಕಿವಿಗಳು ನಿಧಾನವಾಗಿ ಕೆಂಪಾದವು. ಉತ್ತರದವರು ಖಾರ ತಿನ್ನುತ್ತಾರೆಂದು ಅವರಿಗೆ ಮನೆಯಲ್ಲಿ ಹೇಳಿ ಕಳಿಸಿದ್ದರು. ಸಿಹಿಗೂ ಹಾಕುತ್ತಾರೆಂದು ಹೇಳಿರಲಿಲ್ಲ. ಆದರೆ ಹೊಸ ರಾಜ್ಯದ ಮೊದಲ ಊಟದಲ್ಲೇ ಮುಖ ಸಿಂಡರಿಸಿದರೆ ರಾಜ್ಯ ಒಡೆದೀತು. ಅವರು ನುಂಗಿದರು. “ಬಹಳ ಚೆನ್ನಾಗಿದೆ ಕಣ್ರೀ,” ಎಂದರು.

ಕೊಪ್ಪಳದ ಅತಿಥಿ ಆಗಲೇ ತುತ್ತು ನುಂಗಿ ನೀರಿಗಾಗಿ ಹುಡುಕುತ್ತಿದ್ದರು. ಹುಟ್ಟಿದಾಗಿನಿಂದ ಹುಗ್ಗಿ ಉಂಡವರು ಅವರು. ಆದರೆ ಬೆಂಗಳೂರಿನವರು ಮೆಚ್ಚಿದ್ದನ್ನು ಕೇಳಿ, ಇದು ಮೈಸೂರು ಕಡೆಯ ಪಾಕ, ಅತಿಥಿಗಳಿಗಾಗಿ ಮಾಡಿಸಿದ್ದಾರೆ ಎಂದು ತಿಳಿದರು. ತಾನು ಹಳ್ಳಿಯವನಾಗಿ ಕಾಣಬಾರದು ಎಂದು ಇನ್ನೊಂದು ತುತ್ತು ನುಂಗಿ, ಭಾಳ ಛಲೋ ಆಗೇತಿ ಎಂದರು. ಇಬ್ಬರು ದೊಡ್ಡವರು ಹೊಗಳಿದ್ದನ್ನು ಕೇಳಿದ ಮಹಾಲಕರಿ ಸಾಹೇಬರು ಕೆಟ್ಟದ್ದು ತಮ್ಮ ನಾಲಿಗೆಯೇ ಎಂದು ನಿಶ್ಚಯಿಸಿ, ಮರುದಿನ ವೈದ್ಯರನ್ನು ಕಾಣಬೇಕೆಂದುಕೊಂಡರು. ಶಿರಹಟ್ಟಿಯಿಂದ ಬಂದಿದ್ದ ಹಳೆಯ ಸಂಸ್ಥಾನದ ಕಾರಕೂನನೊಬ್ಬ, ಸಾಂಗಲಿಯ ದರಬಾರಿನಲ್ಲಿ ಹುಗ್ಗಿ ಹೀಗೇ ಇರುತ್ತಿತ್ತು, ಇವರೆಲ್ಲ ಈಗ ಕಲಿತಾರ ಎಂದ. ಅವನು ದರಬಾರಿನ ಅಡಿಗೆಮನೆಯ ವಾಸನೆಯನ್ನೂ ಕಂಡವನಲ್ಲ.

ಹೊಗಳಿದವರಿಗೆ ಮತ್ತೆ ಬಡಿಸುವುದು ಈ ಕಡೆಯ ಪದ್ಧತಿ. ಒಲ್ಲೆ ಎಂದು ಕೈ ಅಡ್ಡ ಹಿಡಿದರೆ ಕೈಮೇಲೆ ಬಡಿಸುತ್ತಾರೆ. ಬಡಿಸಿದರು. ಅತಿಥಿಗಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಅದನ್ನು ನೋಡಿದ ಒಬ್ಬ ಮಾಸ್ತರರು, ನೋಡಿರಿ, ಕನ್ನಡಿಗರು ಒಂದಾದ ಆನಂದ ಎಂದು ಗದ್ಗದರಾದರು. ಎರಡನೆಯ ಪಂಕ್ತಿಯವರು ಉಂಡು ಅವರೂ ಅತ್ತರು. ಮಾಸ್ತರರು ಉಂಡಾಗ ಅವರ ಗದ್ಗದಕ್ಕೆ ಬೇರೆ ಕಾರಣ ಸಿಕ್ಕಿತು.

ಹೆಂಗಸರ ಸಾಲಿನಲ್ಲಿ ದೇವವ್ವ ಒಂದು ಬೆರಳಿನಿಂದ ಹುಗ್ಗಿ ನೆಕ್ಕಿದಳು. “ಕಲ್ಲಿಗೆ ಜಳಕ ಆಗಿಲ್ಲ,” ಎಂದಳು. ಪಕ್ಕದವಳು ಹೌದೆಂದಳು, ಅದರ ಪಕ್ಕದವಳೂ ಹೌದೆಂದಳು. ಸಾಲಿನ ತುದಿಯವರೆಗೆ ಹೌದು ಹೋಯಿತು. ಗಂಡಸರ ಕಡೆ ಮಾತ್ರ ಅದು ದಾಟಲಿಲ್ಲ. ಹುಗ್ಗಿ ಖಾರ ಎಂದರೆ ಏಕೀಕರಣ ಒಲ್ಲೆ ಎಂದಂತಾದೀತೆಂದು ಅಲ್ಲಿ ಎಲ್ಲರೂ ಹೆದರಿದ್ದರು.

ಕೊಟ್ರಪ್ಪ ತನ್ನ ಎಲೆಯ ಹುಗ್ಗಿಯನ್ನು ಉಂಡು ಬೆವರಿದ. ಏನಾಗಿದೆ ಎಂದು ಅವನಿಗೆ ತಿಳಿಯಿತು. ಪರ್ಮಿಟ್ಟು ಹೋಯಿತು, ಹೆಂಡತಿಯ ತಮ್ಮನ ಕೈಕೆಳಗೆ ಲೆಕ್ಕ ಬರೆಯುವ ದಿನ ಬಂತು ಎಂದು ಅವನು ಎಲೆಯ ಮೇಲೆ ತಲೆ ತಗ್ಗಿಸಿದ. ಹಿಂದಿನಿಂದ ನಿಜಲಿಂಗಪ್ಪ ಬಗ್ಗಿ ಮೆಲ್ಲಗೆ, “ಮಾವಾ, ನಾಳಿಂದ ಬರ್ತೀರೇನು?” ಎಂದು ಕೇಳಿದ.

ಅಷ್ಟರಲ್ಲಿ ಬೆಂಗಳೂರಿನ ಅಧಿಕಾರಿಗಳು ಭಾಷಣಕ್ಕೆ ಎದ್ದರು. ಗಂಟಲು ಕಟ್ಟಿತ್ತು, ಜನ ಅದನ್ನೂ ಭಾವ ಎಂದು ತಿಳಿದರು. ಸಿಹಿ ಒಂದು ಸೀಮೆಯದು, ಖಾರ ಒಂದು ಸೀಮೆಯದು, ಎರಡೂ ಇವತ್ತು ಒಂದೇ ಎಲೆಯಲ್ಲಿ ಸೇರಿವೆ, ಇದಕ್ಕಿಂತ ದೊಡ್ಡ ಏಕೀಕರಣ ಯಾವುದು ಎಂದು ಅವರು ಕೇಳಿದರು. ಪ್ರತಿ ವರ್ಷ ಈ ದಿನ ಈ ಊರಿನಲ್ಲಿ ಇದೇ ಹುಗ್ಗಿಯಾಗಬೇಕು, ಇದೇ ಗಿರಣಿಯಲ್ಲಿ ಒಡೆಸಬೇಕು ಎಂದು ಹಾರೈಸಿದರು. ಚಪ್ಪಾಳೆ ಬಿತ್ತು. ಹೊಗಳಿಕೆಗಿಂತ ಹೆಚ್ಚಾಗಿ, ಮೂರನೆಯ ಸಲ ಬಡಿಸುವುದು ತಪ್ಪಿತೆಂಬ ಸಮಾಧಾನ ಆ ಚಪ್ಪಾಳೆಯಲ್ಲಿತ್ತು. ಮಹಾಲಕರಿ ಸಾಹೇಬರು ಅಲ್ಲೇ ಕೊಟ್ರಪ್ಪನ ಕೊರಳಿಗೆ ಹಾರ ಹಾಕಿ ಪರ್ಮಿಟ್ಟು ಘೋಷಿಸಿದರು. ನಿಜಲಿಂಗಪ್ಪ ಕಂಬ ಬಿಟ್ಟು ಹೊರಟುಹೋದ.

ಮರುದಿನ ಕೊಟ್ರಪ್ಪ ಹಾರದ ಸಮೇತ ಗಿರಣಿ ತೆರೆದ. ಬಾಗಿಲ ಮುಂದೆ ಒಂದೂ ಪುಟ್ಟಿ ಇರಲಿಲ್ಲ. ಗಂಟೆಯನ್ನು ಗಾಳಿಯೂ ಬಾರಿಸಲಿಲ್ಲ. ಬಸ್ ನಿಲ್ದಾಣದ ಹತ್ತಿರ ಹೋಗಿ ನೋಡಿದರೆ ನಿಜಲಿಂಗಪ್ಪನ ಗಿರಣಿಯಿಂದ ರಸ್ತೆಯವರೆಗೆ ಪುಟ್ಟಿಗಳ ಸಾಲು, ಒಂದರ ಹಿಂದೆ ಒಂದು, ಒಡತಿಯರಿಲ್ಲದೆ. ಆದರೆ ಇಂಜಿನ್ನು ನಿಂತಿತ್ತು. ಎಣ್ಣೆ ತೀರಿತ್ತು.

ಆ ಮಧ್ಯಾಹ್ನ ಸಿದ್ದಲಿಂಗವ್ವ ಗಂಡನನ್ನೂ ತಮ್ಮನನ್ನೂ ಒಟ್ಟಿಗೆ ಊಟಕ್ಕೆ ಕೂಡಿಸಿದಳು. ಒಬ್ಬನ ಹತ್ತಿರ ಎಣ್ಣೆ ಇದೆ, ಜೋಳವಿಲ್ಲ. ಇನ್ನೊಬ್ಬನ ಹತ್ತಿರ ಜೋಳವಿದೆ, ಎಣ್ಣೆಯಿಲ್ಲ. ಇಷ್ಟು ದೊಡ್ಡ ರಾಜ್ಯಗಳು ಕೂಡಿದ ಮೇಲೆ ನಿಮಗೇನು ಧಾಡಿ ಎಂದು ಕೇಳಿದಳು. ಗಂಡ ಮರ್ಯಾದೆಯ ಮಾತು ತೆಗೆದ. ಮರ್ಯಾದಿ ಬೀಸಿ ರೊಟ್ಟಿ ಬಡೀತೀನಿ, ತರ್ರಿ ಎಂದಳು. ಅವನ ಹತ್ತಿರ ಬೀಸುವಷ್ಟು ಇರಲಿಲ್ಲ.

ಅಂದಿನಿಂದ ಪ್ರತಿ ಸೋಮವಾರ ಕೊಟ್ರಪ್ಪ ತನ್ನ ಪರ್ಮಿಟ್ಟಿನ ಎಣ್ಣೆಯನ್ನು ಕೈಗಾಡಿಯಲ್ಲಿ ದೂಡಿಕೊಂಡು ಹೋಗಿ ಹೆಂಡತಿಯ ತಮ್ಮನ ಗಿರಣಿಗೆ ಹಾಕಿ ಬರುತ್ತಾನೆ.